ಜಂಟಿ ವರಸೆಯಲ್ಲಿ ನಿಂತುಹೋದವರಿಗೆ: ದೊಡ್ಡವರಾದ ಮೇಲೆ ಸಂಗೀತ ಕಲಿಯುವಾಗ ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ?

ನಾನು ಸಂಗೀತ ಪಾಠಕ್ಕೆ ಸೇರಿದಾಗ ನನಗೆ 39 ವರ್ಷ. ಮೊದಲ ಎರಡು ತಿಂಗಳು ಹಬ್ಬದ ಹಾಗೆ ಕಳೆಯಿತು. ಸರಳೆ ವರಸೆ, ಅಂದರೆ ಸ ರಿ ಗ ಮ ಏರಿಳಿಯುವ ಮೊದಲ ಪಾಠ, ಒಂದಾದ ಮೇಲೊಂದು ಬಂತು. ಅಡುಗೆ ಮಾಡುವಾಗ, ಬಸ್ಸಿಗೆ ಕಾಯುವಾಗ, ಬಾಯಲ್ಲಿ ಅದೇ. ಐದನೇ ತಿಂಗಳಿಗೆ ಜಂಟಿ ವರಸೆಯ (ಪ್ರತಿ ಸ್ವರವನ್ನೂ ಜೋಡಿಯಾಗಿ ಹಾಡುವ ಪಾಠ) ಮೂರನೇ ಕಾಲಕ್ಕೆ, ಅಂದರೆ ನಾಲ್ಕು ಪಟ್ಟು ವೇಗಕ್ಕೆ, ಬಂದೆ ನೋಡಿ, ಗಾಡಿ ಅಲ್ಲೇ ನಿಂತಿತು. ಮೂರು ವಾರ ಅದೇ ಸಾಲು. ಪಕ್ಕದಲ್ಲಿ ಕೂತಿದ್ದ ನಾಲ್ಕನೇ ಕ್ಲಾಸಿನ ಹುಡುಗಿ ಅದನ್ನು ಒಂದೇ ಸಲಕ್ಕೆ ಹಾಡಿ ಮುಗಿಸಿದಳು. ಆಮೇಲೆ ಪುಸ್ತಕದ ಮೂಲೆಯಲ್ಲಿ ಹೂವಿನ ಚಿತ್ರ ಬಿಡಿಸುತ್ತಾ ಕೂತಳು. ಅವತ್ತು ಮನೆಗೆ ಬಂದವಳೇ ಪಾಠದ ಪುಸ್ತಕವನ್ನು ಫ್ರಿಜ್ ಮೇಲೆ ಇಟ್ಟೆ. ಹನ್ನೊಂದು ದಿನ ಅದು ಅಲ್ಲೇ ಇತ್ತು.

ಈ ಬರಹ ಆ ಹನ್ನೊಂದು ದಿನದಲ್ಲಿ ಇರುವವರಿಗೆ. ಪುಸ್ತಕ ಇನ್ನೂ ಎಸೆದಿಲ್ಲ, ಆದರೆ ತೆಗೆಯುವುದಕ್ಕೂ ಮನಸ್ಸಿಲ್ಲ ಅನ್ನುವವರಿಗೆ. ನೀವು ಕಲಿಯುತ್ತಿರುವುದು ವೀಣೆ, ಈಜು, ಹೊಸ ಭಾಷೆ, ಕಂಪ್ಯೂಟರ್ ಕೋಡಿಂಗ್ ಏನೇ ಇರಲಿ, ಇದರಲ್ಲಿ ಬಹಳಷ್ಟು ನಿಮಗೂ ಹೊಂದುತ್ತದೆ. ಆದರೆ ನಾನು ಕೈಯಾರೆ ಮಾಡಿ ನೋಡಿದ್ದು ಸಂಗೀತದಲ್ಲಿ. ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ.

ಮೊದಲು, ಆಗಿರುವುದು ಏನು ಅಂತ ತಿಳಿದುಕೊಳ್ಳಿ

ಕಲಿಕೆ ನಿಂತೇ ಹೋಯಿತು ಅನ್ನಿಸುವಾಗ ಹೆಚ್ಚಿನ ಸಲ ಅದು ನಿಂತಿರುವುದಿಲ್ಲ. ಕಿವಿ ಮುಂದೆ ಹೋಗಿರುತ್ತದೆ, ಗಂಟಲು ಹಿಂದೆ ಉಳಿದಿರುತ್ತದೆ.

ಕರ್ನಾಟಕ ಸಂಗೀತದಲ್ಲಿ ನಮಗೆ ಪಾಠ ಶುರುವಾಗುವುದು ಮಾಯಾಮಾಳವಗೌಳ ರಾಗದಲ್ಲಿ. 72 ಮೇಳಕರ್ತ ರಾಗಗಳಲ್ಲಿ, ಅಂದರೆ ಬೇರೆ ರಾಗಗಳಿಗೆ ತಾಯಿಯಾದ ರಾಗಗಳಲ್ಲಿ, ಇದು 15ನೆಯದು. ಹೀಗೆ ಪಾಠದ ಕ್ರಮ ಕಟ್ಟಿಕೊಟ್ಟವರು ಪುರಂದರದಾಸರು ಅಂತ ನಮ್ಮಲ್ಲಿ ಹೇಳುತ್ತಾ ಬಂದಿದ್ದಾರೆ. ಈ ರಾಗದಲ್ಲಿ ‘ರಿ’ ಅನ್ನುವುದು ‘ಸ’ಕ್ಕೆ ಅಂಟಿಕೊಂಡೇ ಇರುತ್ತದೆ. ಹಾರ್ಮೋನಿಯಂನಲ್ಲಿ ನೋಡಿದರೆ ಪಕ್ಕದ ಮನೆಯೇ. ಅಲ್ಲಿಂದ ‘ಗ’ ದೂರಕ್ಕೆ ಹಾರುತ್ತದೆ. ‘ಮ’ ಮತ್ತೆ ‘ಗ’ದ ಪಕ್ಕದಲ್ಲೇ. ಮೇಲಿನ ಅರ್ಧದಲ್ಲಿ, ಅಂದರೆ ಪ ದ ನಿ ಸ ಹಾಡುವಾಗಲೂ, ಇದೇ ಅಂತರ ಮತ್ತೆ ಬರುತ್ತದೆ.

ಮೊದಲ ತಿಂಗಳು ನನ್ನ ‘ರಿ’ ಎಲ್ಲೋ ಮೇಲೆ ಇತ್ತು. ಅದು ನನಗೆ ಗೊತ್ತೇ ಇರಲಿಲ್ಲ. ಸಂತೋಷವಾಗಿ ಹಾಡುತ್ತಿದ್ದೆ. ಐದನೇ ತಿಂಗಳಿಗೆ ಪ್ರತಿ ಸಲ ‘ರಿ’ ಜಾರಿದಾಗಲೂ ಚುಚ್ಚಿದ ಹಾಗೆ ಕೇಳಿಸುತ್ತಿತ್ತು. ದಿನದಿಂದ ದಿನಕ್ಕೆ ಕೆಟ್ಟು ಹೋಗ್ತಿದೀನಿ ಅಂದುಕೊಂಡೆ. ನಿಜ ಏನಂದರೆ, ದನಿ ಮೊದಲಿಗಿಂತ ಚೆನ್ನಾಗಿಯೇ ಇತ್ತು. ಆದರೆ ಕಿವಿ ಅದಕ್ಕಿಂತ ಜಾಸ್ತಿ ಬೆಳೆದಿತ್ತು. ನಿಮ್ಮ ತಪ್ಪು ನಿಮಗೇ ಕೇಳಿಸಲು ಶುರುವಾಗಿದೆ ಅಂದರೆ, ಅರ್ಧ ಪಾಠ ಆಗಿದೆ ಅಂತಲೇ ಲೆಕ್ಕ.

ಕಲಿಕೆ ಹೀಗೆ ನಡುವೆ ನಿಂತ ಹಾಗೆ ಕಾಣುವುದು ಹೊಸ ಮಾತೇನಲ್ಲ. 1897 ಮತ್ತು 1899ರಲ್ಲಿ ಅಮೆರಿಕದ ಬ್ರಯಾನ್ ಮತ್ತು ಹಾರ್ಟರ್ ಎಂಬ ಇಬ್ಬರು, ಟೆಲಿಗ್ರಾಫ್ ಕಲಿಯುವವರನ್ನು ವಾರ ವಾರವೂ ಅಳೆದು ವರದಿ ಬರೆದರು. ಸಂದೇಶ ಕಳಿಸುವ ವೇಗ ಒಂದೇ ಸಮನೆ ಏರಿತ್ತು. ಕೇಳಿ ಬರೆದುಕೊಳ್ಳುವ ವೇಗ ಮಾತ್ರ ಸ್ವಲ್ಪ ಏರಿ, ವಾರಗಟ್ಟಲೆ ಅಲ್ಲಾಡದೆ ನಿಂತು, ಆಮೇಲೆ ಮತ್ತೆ ಏರಿತ್ತು. ಆ ನಿಂತ ಹೊತ್ತಿನಲ್ಲಿ ಒಳಗೊಳಗೇ ಕೆಲಸ ನಡೆಯುತ್ತಿತ್ತು ಅನ್ನುವುದು ಅವರ ವಿವರಣೆ. ಬಿಡಿ ಬಿಡಿ ಅಕ್ಷರ ಕೇಳುತ್ತಿದ್ದವರು ಇಡೀ ಪದವನ್ನೇ ಒಟ್ಟಿಗೆ ಕೇಳುವುದಕ್ಕೆ ತಯಾರಾಗುತ್ತಿದ್ದರು. ನಂತರ ಬೇರೆಯವರು ಮಾಡಿದ ಎಲ್ಲ ಪ್ರಯೋಗಗಳಲ್ಲೂ ಇದು ಕಂಡಿಲ್ಲ, ಅದನ್ನೂ ಹೇಳಬೇಕು. ಆದರೆ ಜಂಟಿ ವರಸೆ ಕಲಿತ ನನಗೆ ಅವರ ಮಾತು ನಿಜ ಅನ್ನಿಸುತ್ತದೆ. ಬಿಡಿ ಸ್ವರಗಳನ್ನು ಹಾಡುತ್ತಿದ್ದವಳಿಗೆ ಒಂದು ದಿನ ನಾಲ್ಕು ಸ್ವರ ಒಂದೇ ಗೊಂಚಲಾಗಿ ಬಾಯಿಗೆ ಬಂದವು.

ಒಂದು ಗಂಟೆ ಬೇಡ, ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಸಾಕು

ಬೇಸರ ಬಂದಾಗ ನಾವು ಮಾಡುವ ದೊಡ್ಡ ತಪ್ಪು ಒಂದಿದೆ. ‘ನಾಳೆಯಿಂದ ದಿನಾ ಒಂದು ಗಂಟೆ ಅಭ್ಯಾಸ’ ಅಂತ ಶಪಥ ಮಾಡುವುದು. ಮೂರು ದಿನ ನಡೆಯುತ್ತದೆ. ನಾಲ್ಕನೇ ದಿನ ಮನೆಗೆ ನೆಂಟರು ಬರುತ್ತಾರೆ. ಐದನೇ ದಿನ ತಪ್ಪಿತಸ್ಥ ಭಾವನೆ. ಆರನೇ ದಿನ ಪುಸ್ತಕ ಫ್ರಿಜ್ ಮೇಲೆ.

ನಾನು ಹಿಡಿದದ್ದು 15 ನಿಮಿಷ. ಬೆಳಿಗ್ಗೆ ಫಿಲ್ಟರ್‌ಗೆ ಪುಡಿ ಹಾಕಿ ಬಿಸಿನೀರು ಸುರಿದು ಮುಚ್ಚುತ್ತೇನೆ. ಅಲ್ಲೇ ಅಡುಗೆಮನೆಯ ಬಾಗಿಲ ಹತ್ತಿರ ಚಾಪೆ. ಫೋನಿನಲ್ಲಿ ತಂಬೂರಿ ಹಾಕಿ ಕೂರುತ್ತೇನೆ. ಡಿಕಾಕ್ಷನ್ ಇಳಿದ ಮೇಲೆ ಎದ್ದುಬಿಡುತ್ತೇನೆ. ಇನ್ನೂ ಹಾಡಬೇಕು ಅನ್ನಿಸಿದರೂ ಮೊದಲ ತಿಂಗಳು ಬೇಕಂತಲೇ ಏಳುತ್ತಿದ್ದೆ. ಆಸೆ ಸ್ವಲ್ಪ ಉಳಿದರೆ ಮಾರನೇ ದಿನ ಕೂರುವುದು ಸುಲಭ.

ಆ 15 ನಿಮಿಷವನ್ನು ಹೀಗೆ ಹಂಚಿಕೊಳ್ಳಿ. ಮೊದಲ ಮೂರ್ನಾಲ್ಕು ನಿಮಿಷ ಬರೀ ಸ, ಪ, ಮೇಲಿನ ಸ. ನಿಮ್ಮ ದನಿ ತಂಬೂರಿಯ ಜೊತೆ ಬೆರೆತು ಕಾಣೆಯಾಗುವವರೆಗೆ ಹಿಡಿಯಿರಿ. ನಡುವಿನ ಏಳು ನಿಮಿಷ ಸಿಕ್ಕಿಹಾಕಿಕೊಂಡ ಜಾಗಕ್ಕೆ. ಕೊನೆಯ ಐದು ನಿಮಿಷ ಆಗಲೇ ಚೆನ್ನಾಗಿ ಬರುವ ಯಾವುದಾದರೂ ಒಂದಕ್ಕೆ. ಈ ಕೊನೆಯ ಭಾಗವನ್ನು ಮಾತ್ರ ಬಿಡಬೇಡಿ. ಕಷ್ಟದ ಸಾಲಿನ ಮೇಲೆ ಎದ್ದರೆ ದಿನವಿಡೀ ಆ ಸೋಲೇ ಬಾಯಲ್ಲಿ ಉಳಿಯುತ್ತದೆ. ಗೊತ್ತಿರುವ ವರಸೆ ಹಾಡಿ ಎದ್ದರೆ ಪಾತ್ರೆ ತೊಳೆಯುವಾಗಲೂ ಅದೇ ಗುನುಗು.

ಅಭ್ಯಾಸ ಕೂರಲು 21 ದಿನ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ನಂಬಿ 22ನೇ ದಿನ ಸೋತೆ ಅಂದುಕೊಳ್ಳಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಇಟ್ಟುಕೊಂಡು ನೋಡಿದ್ದಾರೆ. ಒಂದು ಸಣ್ಣ ಕೆಲಸ ತಾನಾಗೇ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ಒಬ್ಬೊಬ್ಬರಿಗೆ ಒಂದೊಂದು ಥರ, 18 ದಿನದಿಂದ 254 ದಿನದವರೆಗೆ. ಮಧ್ಯೆ ಒಂದು ದಿನ ತಪ್ಪಿದರೆ ದೊಡ್ಡ ವ್ಯತ್ಯಾಸವಾಗಲಿಲ್ಲ ಅನ್ನುವುದೂ ಅದರಲ್ಲೇ ಇದೆ. ನನಗೆ ಧೈರ್ಯ ಕೊಟ್ಟದ್ದು ಆ ಸಂಖ್ಯೆಗಿಂತ ಈ ಮಾತು.

ಸಿಕ್ಕಿಹಾಕಿಕೊಂಡ ಜಾಗ ಯಾವುದು ಅಂತ ಬೆರಳಿಟ್ಟು ತೋರಿಸಿ

‘ನನಗೆ ಮೂರನೇ ಕಾಲ ಬರಲ್ಲ’ ಅಂತ ನಾನು ಮೂರು ವಾರ ಹೇಳಿಕೊಂಡು ತಿರುಗಿದೆ. ಆ ಮಾತಿನಿಂದ ಏನೂ ಪ್ರಯೋಜನ ಆಗಲಿಲ್ಲ. ತೊಂದರೆ ಇಷ್ಟು ದೊಡ್ಡದಾಗಿ ಕಂಡರೆ ಎಲ್ಲಿಂದ ಕೈ ಹಾಕುವುದು?

ನಾನು ಎಡವುತ್ತಿದ್ದ ಮೊದಲ ಜಂಟಿ ವರಸೆ ಇದು. ಆದಿತಾಳ.

ಸಸ ರಿರಿ ಗಗ ಮಮ | ಪಪ ದದ | ನಿನಿ ಸಸ ||
ಸಸ ನಿನಿ ದದ ಪಪ | ಮಮ ಗಗ | ರಿರಿ ಸಸ ||

ಈ ತಾಳ ಹಾಕುವುದು ಹೀಗೆ. ತಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಆಮೇಲೆ ತಟ್ಟು, ಹುಸಿ (ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದು), ತಟ್ಟು, ಹುಸಿ. ಒಟ್ಟು 8 ಎಣಿಕೆ. ಮೊದಲ ಕಾಲದಲ್ಲಿ ಒಂದು ಎಣಿಕೆಗೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಕೈಯ ವೇಗ ಮಾತ್ರ ಬದಲಾಗಬಾರದು. ಹಾಗಾಗಿ ಮೂರನೇ ಕಾಲದಲ್ಲಿ ಈ ಇಡೀ ವರಸೆ, ಏರಿ ಇಳಿದು, ಒಂದೇ ಆವರ್ತದಲ್ಲಿ, ಅಂದರೆ ತಾಳದ ಒಂದೇ ಸುತ್ತಿನಲ್ಲಿ, ಮುಗಿದುಹೋಗಬೇಕು.

ಗಂಟಲು ಓಡುತ್ತಿಲ್ಲ ಅಂತ ನಾನು ಗಂಟಲನ್ನೇ ಬೈಯುತ್ತಿದ್ದೆ. ಒಂದು ದಿನ ನಮ್ಮ ಟೀಚರ್ ಹತ್ತಿರ ಬಾಯಿಬಿಟ್ಟು ಕೇಳಿದೆ, “ಟೀಚರ್, ನಾನು ಎಲ್ಲಿ ತಪ್ತಿದೀನಿ ಅಂತ ಒಂಚೂರು ನೋಡಿ ಹೇಳ್ತೀರಾ?”

“ನಾನು ಹೇಳಲ್ಲಮ್ಮ, ನೀನೇ ನೋಡು. ಮುಖ ಬೇಡ, ಕೈಯನ್ನ ವಿಡಿಯೋ ಮಾಡ್ಕೊಂಡು ಬಾ.”

ಫೋನನ್ನು ಮೊಣಕಾಲಿನ ಪಕ್ಕ ಒಂದು ಲೋಟಕ್ಕೆ ಒರಗಿಸಿ ಇಟ್ಟೆ. ಆಮೇಲೆ ನೋಡಿದರೆ ಆಶ್ಚರ್ಯ. ತಟ್ಟು, ಕಿರುಬೆರಳು, ಉಂಗುರದ ಬೆರಳು ಸರಿಯಾಗೇ ಇದ್ದವು. ನಡುಬೆರಳು ಬಂದಾಗ ಅದು ತೊಡೆಯ ಮೇಲೇ ಉಳಿಯುತ್ತಿತ್ತು. ಮುಂದಿನ ತಟ್ಟು ತಡವಾಗಿ ಬೀಳುತ್ತಿತ್ತು. ಅಲ್ಲಿ ಹಾಡಬೇಕಾದ್ದು ‘ನಿನಿ ಸಸ’, ಅದರ ಬೆನ್ನಿಗೇ ‘ಸಸ ನಿನಿ’. ಮೇಲಿನ ‘ಸ’ ನಾಲ್ಕು ಸಲ ಒಟ್ಟಿಗೆ ಬರುತ್ತದೆ. ನಾನು ಒಮ್ಮೆ ಮೂರು ಹಾಡುತ್ತಿದ್ದೆ, ಒಮ್ಮೆ ಐದು. ಕೈ ಪಾಪ ನನಗಾಗಿ ಕಾಯುತ್ತಿತ್ತು. ತಪ್ಪು ಗಂಟಲಿನದ್ದಲ್ಲ, ಎಣಿಕೆಯದ್ದು. ಇಡೀ ವರಸೆಯ 32 ಸ್ವರಗಳಲ್ಲಿ ತೊಂದರೆ ಇದ್ದದ್ದು ನಡುವಿನ ನಾಲ್ಕೇ ಸ್ವರಕ್ಕೆ!

ಅಂಥ ಜಾಗ ಸಿಕ್ಕ ಮೇಲೆ ಅಷ್ಟನ್ನೇ ಕತ್ತರಿಸಿ ತೆಗೆದುಕೊಳ್ಳಿ. ನಾನು ‘ನಿನಿ ಸಸ ಸಸ ನಿನಿ’ ಇಷ್ಟನ್ನು ಎರಡನೇ ಕಾಲದಲ್ಲಿ, ನಿಧಾನವಾಗಿ, ಹತ್ತು ಸಲ ಹಾಡಿದೆ. ಜಂಟಿಯಲ್ಲಿ ಎರಡನೇ ಸ್ವರಕ್ಕೆ ಒತ್ತು ಕೊಡಬೇಕು, ಅದನ್ನು ಬಿಡಲಿಲ್ಲ. ಅದು ಗಟ್ಟಿಯಾದ ಮೇಲೆ ಹಿಂದೆ ‘ಪಪ ದದ’, ಮುಂದೆ ‘ದದ ಪಪ’ ಸೇರಿಸಿದೆ. ಆಮೇಲೆ ಇನ್ನೊಂದು ಸುತ್ತು ಹೊರಗೆ. ಒಳಗಿನಿಂದ ಹೊರಕ್ಕೆ, ರಂಗೋಲಿ ಬಿಡಿಸಿದ ಹಾಗೆ. ಮೂರು ವಾರ ಬಾರದ್ದು ಒಂಬತ್ತು ದಿನಕ್ಕೆ ಬಂತು.

ನಮ್ಮಲ್ಲಿ ‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’ ಅನ್ನುತ್ತಾರೆ. ನಿಜವೇ. ಆದರೆ ಅದೇ ತಪ್ಪನ್ನು ನೂರು ಸಲ ಹಾಡಿದರೆ ಗಟ್ಟಿಯಾಗುವುದು ತಪ್ಪೇ. ಹಾಡುತ್ತಾ ಕೇಳಿಸಿಕೊಳ್ಳಬೇಕು. ಹುಮ್ಮಸ್ಸು ಹೋಗುವುದು ಬಹಳ ಸಲ ಕಷ್ಟದಿಂದ ಅಲ್ಲ, ಕುರುಡಾಗಿ ಅದನ್ನೇ ಮತ್ತೆ ಮತ್ತೆ ಮಾಡುವುದರಿಂದ. ಎಲ್ಲಿ ತಪ್ಪುತ್ತಿದೆ ಅಂತ ಗೊತ್ತಾದ ದಿನ ಅರ್ಧ ಬೇಸರ ಹೋಗಿಬಿಡುತ್ತದೆ.

ತಿಂಗಳಿಗೊಮ್ಮೆ ಧ್ವನಿಮುದ್ರಣ

ನಮ್ಮ ನೆನಪನ್ನು ನಂಬಬಾರದು. ಇವತ್ತಿನ ತಪ್ಪು ನೆನಪಿರುತ್ತದೆ, ಮೂರು ತಿಂಗಳ ಹಿಂದಿನ ತಪ್ಪು ಮರೆತುಹೋಗಿರುತ್ತದೆ. ಹಾಗಾಗಿ ಒಂದು ಸಾಕ್ಷಿ ಬೇಕು.

ಪ್ರತಿ ತಿಂಗಳ ಒಂದನೇ ತಾರೀಕು ಒಂದೇ ವರಸೆಯನ್ನು, ಒಂದೇ ಶ್ರುತಿಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಫೈಲಿಗೆ ತಾರೀಕು ಹಾಕಿಡಿ. ಅವತ್ತೇ ಕೇಳಬೇಡಿ. ಮೊದಲ ಸಲ ಕೇಳಿದಾಗ ‘ಇದು ನನ್ನ ದನಿನಾ?’ ಅನ್ನಿಸುತ್ತದೆ, ಹೆದರಬೇಡಿ. ಮಾತಾಡುವಾಗ ನಮ್ಮ ದನಿ ನಮಗೆ ತಲೆಯ ಮೂಳೆಯ ಮೂಲಕವೂ ಕೇಳಿಸುತ್ತದೆ, ಹಾಗಾಗಿ ತುಂಬಿದ ಹಾಗೆ ಇರುತ್ತದೆ. ರೆಕಾರ್ಡಿನಲ್ಲಿ ಗಾಳಿಯಲ್ಲಿ ಬಂದದ್ದು ಮಾತ್ರ. ಎಲ್ಲರಿಗೂ ಹೀಗೇ.

ಮೂರು ತಿಂಗಳಾದ ಮೇಲೆ ಮೊದಲನೆಯದನ್ನೂ ಕೊನೆಯದನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ನನ್ನ ಮೊದಲ ರೆಕಾರ್ಡಿನಲ್ಲಿ ‘ದ’ ಬರುವಷ್ಟರಲ್ಲಿ ಉಸಿರು ಮುಗಿದು ‘ನಿ’ ನುಂಗಿಹೋಗಿದೆ. ನಾಲ್ಕನೆಯದರಲ್ಲಿ ‘ನಿ’ ಇದೆ. ಸಣ್ಣದಾಗಿ, ಆದರೆ ಇದೆ. ಅದನ್ನು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು.

ನಿಮ್ಮನ್ನು ಪಕ್ಕದ ಮಗುವಿನ ಜೊತೆ ಹೋಲಿಸಿಕೊಳ್ಳಬೇಡಿ. ಹೋಲಿಕೆ ಬೇಕೇ ಬೇಕು ಅನ್ನಿಸಿದರೆ ಈ ಫೈಲುಗಳಿವೆ. ಆ ಹುಡುಗಿ ಬೇಗ ಹಾಡಿದಳು, ನಿಜ. ಅವಳು ಐದನೇ ವಯಸ್ಸಿನಿಂದ ಅಮ್ಮನ ತೊಡೆಯ ಮೇಲೆ ಕೂತು ಇದನ್ನೇ ಕೇಳಿದ್ದಳು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಗುರುಗಳ ಹತ್ತಿರ ಏನು ಕೇಳಬೇಕು

ದೊಡ್ಡವರಿಗೆ ಕೇಳುವುದಕ್ಕೆ ಸಂಕೋಚ. ಸುಮ್ನೆ ತಲೆ ಆಡಿಸಿ ಬಂದುಬಿಡುತ್ತೇವೆ. ‘ಬರ್ತಿಲ್ಲ’ ಅನ್ನಬೇಡಿ. ‘ಈ ಸಾಲಿನಲ್ಲಿ ಇಲ್ಲಿ ನಿಲ್ತಿದೆ, ಮನೆಯಲ್ಲಿ ಏನು ಮಾಡ್ಲಿ?’ ಅನ್ನಿ. ಪ್ರಶ್ನೆ ಸಣ್ಣದಾದಷ್ಟೂ ಉತ್ತರ ಕೈಗೆ ಸಿಗುತ್ತದೆ.

ಹೊರದೇಶದಲ್ಲಿದ್ದು ವಿಡಿಯೋ ಕಾಲಿನಲ್ಲಿ ಕಲಿಯುವ ಕನ್ನಡಿಗರು ಈಗ ತುಂಬಾ ಜನ. ಅವರಿಗೊಂದು ಮಾತು. ಆ ಕಡೆಯ ದನಿ ಸ್ವಲ್ಪ ತಡವಾಗಿಯೇ ಬರುತ್ತದೆ. ಗುರುಗಳ ಜೊತೆ ಒಟ್ಟಿಗೆ ಹಾಡಲು ಹೋದರೆ ತಾಳ ಕೂರುವುದೇ ಇಲ್ಲ. ಅದನ್ನು ನಿಮ್ಮ ತಪ್ಪು ಅಂದುಕೊಂಡು ಕೊರಗಬೇಡಿ. ಅವರು ಒಂದು ಸಾಲು ಹಾಡಲಿ, ಆಮೇಲೆ ನೀವು. ಜೊತೆಯಲ್ಲಿ ಹಾಡಲು ಅವರ ಧ್ವನಿಮುದ್ರಣ ಕಳಿಸಿಕೊಡಿ ಅಂತ ಕೇಳಿ.

ಇನ್ನೊಂದು ಮಾತು ಹೇಳಲೇಬೇಕು. ಇದಕ್ಕೂ ಮುಂಚೆ, ಇಪ್ಪತ್ತರ ವಯಸ್ಸಿನಲ್ಲಿ, ನಾನು ಒಂದು ಕಡೆ ಪಾಠಕ್ಕೆ ಹೋಗಿದ್ದೆ. ಎಲ್ಲರ ಮುಂದೆ ‘ನಿನಗೆ ಕಂಠವೇ ಇಲ್ಲ’ ಅಂದರು. ಅದರಿಂದ ಹೊರಗೆ ಬರಲು ನನಗೆ ಹತ್ತೊಂಬತ್ತು ವರ್ಷ ಬೇಕಾಯಿತು. ತಪ್ಪು ತಿದ್ದುವುದು ಬೇರೆ, ಮನಸ್ಸು ಮುರಿಯುವುದು ಬೇರೆ. ಪಾಠ ಮುಗಿಸಿ ಬಂದಾಗಲೆಲ್ಲ ನೀವು ಕುಗ್ಗಿಹೋಗುತ್ತಿದ್ದರೆ ಗುರುಗಳನ್ನು ಬದಲಾಯಿಸಿ. ಅದರಲ್ಲಿ ಅವಮರ್ಯಾದೆ ಏನೂ ಇಲ್ಲ.

ಸಂತೋಷವನ್ನು ಮುಂದಕ್ಕೆ ಹಾಕಬೇಡಿ

ವರ್ಣ, ಕೃತಿಯಂಥ ದೊಡ್ಡ ರಚನೆಗಳು ಬಂದ ಮೇಲೆ ಸಂತೋಷ ಪಡೋಣ ಅಂತ ಕಾಯುತ್ತಾ ಕೂತರೆ ಅಲ್ಲಿವರೆಗೆ ತಡೆಯುವುದು ಕಷ್ಟ. ಈಗ ಬಂದಿರುವಷ್ಟರಿಂದಲೇ ಸಂಗೀತದೊಳಗೆ ಹೋಗಬಹುದು.

ಸಂಗೀತ ಕಚೇರಿಗೆ ಹೋಗಿ. ಬೆಂಗಳೂರಿನಲ್ಲಿದ್ದರೆ ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವ ಇದೆ, 1939ರಲ್ಲಿ ಶುರುವಾದದ್ದು. ಬೇರೆ ಊರಲ್ಲೂ ರಾಮನವಮಿ, ಗಣೇಶನ ಹಬ್ಬ, ದಸರಾ ಹೊತ್ತಿಗೆ ಕಚೇರಿ ಇದ್ದೇ ಇರುತ್ತದೆ. ಹಿಂದಿನ ಸಾಲಿನಲ್ಲಿ ಕೂತು ಮೆಲ್ಲಗೆ ತೊಡೆಯ ಮೇಲೆ ತಾಳ ಹಾಕಿ. ಮೊದಲು ತಪ್ಪುತ್ತದೆ. ಪಕ್ಕದ ಅಜ್ಜ ಹಾಕುವುದನ್ನು ನೋಡಿ ಹಿಡಿದುಕೊಳ್ಳಿ. ಒಂದು ಸಲ ಎಂಟೂ ಎಣಿಕೆ ಹಾಡಿನ ಜೊತೆ ಸರಿಯಾಗಿ ಕೂತಿತು ಅಂದರೆ, ಆಹಾ, ಆ ಕ್ಷಣಕ್ಕೆ ಏನು ಹೇಳುವುದು! ಹೋದ ವರ್ಷದವರೆಗೆ ಸುಮ್ನೆ ಇಂಪಾಗಿ ಕೇಳುತ್ತಿದ್ದ ಹಾಡಿಗೆ ಈಗ ಕಂಬ, ತೊಲೆ, ಬಾಗಿಲು ಎಲ್ಲ ಕಾಣಿಸುತ್ತದೆ.

ವರಸೆಗಳಾದ ಮೇಲೆ ಕಲಿಸುವ ಮೊದಲ ಹಾಡುಗಳಾದ ಪಿಳ್ಳಾರಿ ಗೀತೆಗೆ ಬಂದಾಗಲೂ ಹೀಗೇ ಒಂದು ಸಣ್ಣ ಸಂತೋಷ ಕಾದಿರುತ್ತದೆ. ಅವು ಮಲಹರಿ ರಾಗದಲ್ಲಿವೆ. ಮಲಹರಿಗೆ ಹೊಸ ಸ್ವರ ಬೇಕಿಲ್ಲ. ಎಲ್ಲ ಮಾಯಾಮಾಳವಗೌಳದ್ದೇ. ‘ನಿ’ ಪೂರ್ತಿ ಬಿಟ್ಟು, ಏರುವಾಗ ‘ಗ’ವನ್ನೂ ಬಿಟ್ಟರೆ ಆಯಿತು. ಇಷ್ಟು ದಿನ ಬೇಸರದಿಂದ ತಿರುವಿದ ಸ್ವರಗಳೇ ಅಲ್ಲಿ ಹಾಡಾಗಿ ಕೂತಿರುತ್ತವೆ.

ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟಬೇಕಾ ಅಂತ ಹಲವರು ಕೇಳುತ್ತಾರೆ. ತಾರೀಕು ಮುಂದಿದ್ದರೆ ಮಾತ್ರ ಓದುವ ಸ್ವಭಾವ ನಿಮ್ಮದಾದರೆ ಕಟ್ಟಿ. ಪರೀಕ್ಷೆ ಅಂದರೆ ಹೊಟ್ಟೆಯಲ್ಲಿ ಸಂಕಟ ಆಗುವವರು ಬಿಟ್ಟುಬಿಡಿ.

ಬಿಟ್ಟುಬಿಡೋಣ ಅನ್ನಿಸಿದ ದಿನ

ನೆಗಡಿ, ಗಂಟಲು ನೋವು ಇದ್ದರೆ ಹಾಡಬೇಡಿ. ಅವತ್ತು ಬರೀ ತಾಳ ಹಾಕಿ, ಸ್ವರವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಅದೂ ಅಭ್ಯಾಸವೇ. ದನಿ ಒಡೆದದ್ದು ಎರಡು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ.

ಸಂಗೀತವನ್ನೇ ಬಿಡೋಣ ಅನ್ನಿಸಿದರೆ, ಕೆಟ್ಟದಾಗಿ ಹಾಡಿದ ದಿನ ಆ ತೀರ್ಮಾನ ಮಾಡಬೇಡಿ. ಒಂದು ಒಳ್ಳೆಯ ದಿನಕ್ಕಾಗಿ ಕಾಯಿರಿ. ಚೆನ್ನಾಗಿ ಹಾಡಿ ಎದ್ದ ಮೇಲೂ ‘ಬೇಡ’ ಅನ್ನಿಸಿದರೆ ಆಗ ಬಿಡಿ. ಬೇರೆ ಇನ್ನೇನೋ ನಿಮ್ಮನ್ನು ಕರೆಯುತ್ತಿರಬಹುದು.

ಬಿಟ್ಟು ಮತ್ತೆ ಬರುವವರಿಗೆ ಒಂದೇ ನಿಯಮ. ನಿಲ್ಲಿಸಿದ ಜಾಗದಿಂದ ಶುರು ಮಾಡಬೇಡಿ. ಎರಡು ಪಾಠ ಹಿಂದಕ್ಕೆ ಹೋಗಿ. ಜಂಟಿಯಲ್ಲಿ ಬಿಟ್ಟಿದ್ದರೆ ಸರಳೆಗೆ. ಸರಳೆಯಲ್ಲಿ ಬಿಟ್ಟಿದ್ದರೆ ಬರೀ ‘ಸ’ಕ್ಕೆ. ಮೊದಲ ದಿನ ಪುಸ್ತಕವನ್ನೇ ತೆಗೆಯಬೇಡಿ.

ಹನ್ನೆರಡನೇ ದಿನ ನಾನೂ ತೆಗೆಯಲಿಲ್ಲ. ಫಿಲ್ಟರ್‌ಗೆ ನೀರು ಹಾಕಿ ಚಾಪೆಯ ಮೇಲೆ ಕೂತೆ. ತಂಬೂರಿ ಹಾಕಿ ‘ಸ’ ಹಿಡಿದೆ. ಮೊದಲು ನಡುಗಿತು. ಆರೋ ಏಳೋ ಉಸಿರಾದ ಮೇಲೆ ಒಂದು ಸಲ ನನ್ನ ದನಿ ನನಗೇ ಕೇಳಿಸದ ಹಾಗೆ ಬೆರೆತುಹೋಯಿತು. ಕಣ್ಣು ಬಿಟ್ಟಾಗ ಡಿಕಾಕ್ಷನ್ ಇಳಿದಿತ್ತು. ಎದ್ದು ಹಾಲು ಕಾಯಿಸಲು ಇಟ್ಟೆ.